ಕ್ಯಾರಬಿನರ್ ಮೇಲಿನ ಮೂರು ಅಂಕಿಗಳು

ಗದಗಿನಿಂದ ಸೊಲ್ಲಾಪುರದ ಕಡೆಗೆ ಹೋಗುವ ರೈಲು ಮಲ್ಲಾಪುರ, ಹೊಳೆ ಆಲೂರು ನಿಲ್ದಾಣಗಳನ್ನು ದಾಟಿ ಬಾದಾಮಿಗೆ ಬರುತ್ತದೆ. ಚಾಲುಕ್ಯರ ಗುಹಾಲಯಗಳಿಗೆ ಹೆಸರಾದ ಅಲ್ಲಿಯ ಕೆಂಪು ಮರಳುಗಲ್ಲು ಈಗ ಸ್ಪೋರ್ಟ್ ಕ್ಲೈಂಬಿಂಗ್ ಎಂಬ ಬಂಡೆ ಏರುವ ಕ್ರೀಡೆಗೂ ಹೆಸರಾಗಿದೆ. ಈ ಕ್ರೀಡೆ ಟೋಕಿಯೊ ಒಲಿಂಪಿಕ್ಸ್‌ನಲ್ಲಿ (2021ರಲ್ಲಿ ನಡೆದದ್ದು) ಮೊದಲ ಬಾರಿಗೆ ಸೇರಿತು. ಗದಗ-ಬೆಟಗೇರಿ, ಲಕ್ಷ್ಮೇಶ್ವರ, ಶಿರಹಟ್ಟಿ, ಮುಂಡರಗಿಗಳ ವಿದ್ಯಾರ್ಥಿಗಳಿಗೆ ಬಾದಾಮಿಯೇ ಹತ್ತಿರದ ಬಂಡೆ. ನಮ್ಮ ಕಪ್ಪತಗುಡ್ಡ 2019ರಿಂದ ವನ್ಯಜೀವಿಧಾಮ. ಅಲ್ಲಿ ಬಂಡೆಗೆ ಬೋಲ್ಟ್ ಹೊಡೆಯುವ ಪ್ರಶ್ನೆ ಬರುವುದಿಲ್ಲ.

ಸ್ಪೋರ್ಟ್ ಕ್ಲೈಂಬಿಂಗ್‌ನಲ್ಲಿ ಏರುವುದು ಕೈಕಾಲುಗಳಿಂದ; ಹಗ್ಗ ಇರುವುದು ಬಿದ್ದಾಗ ಹಿಡಿಯಲಿಕ್ಕೆ ಮಾತ್ರ. ಬಂಡೆಯಲ್ಲಿ ಮೊದಲೇ ಕೂರಿಸಿದ ಬೋಲ್ಟ್‌ಗಳಿರುತ್ತವೆ. ಏರುವವರು ಪ್ರತಿ ಬೋಲ್ಟ್‌ಗೆ ಒಂದು ಕ್ವಿಕ್‌ಡ್ರಾ ಸಿಕ್ಕಿಸಿ ಅದರೊಳಗೆ ಹಗ್ಗ ಹಾಯಿಸುತ್ತಾರೆ. ಒಂದು ಗಟ್ಟಿ ಪಟ್ಟಿ, ಅದರ ಎರಡು ತುದಿಗೆ ಎರಡು ಕ್ಯಾರಬಿನರ್, ಇಷ್ಟೇ ಕ್ವಿಕ್‌ಡ್ರಾ. ಕ್ಯಾರಬಿನರ್ ಎಂದರೆ ಒಳಕ್ಕೆ ಒತ್ತಿದರೆ ತೆರೆಯುವ, ಬಿಟ್ಟರೆ ಸ್ಪ್ರಿಂಗಿನಿಂದ ತಾನೇ ಮುಚ್ಚಿಕೊಳ್ಳುವ ಗೇಟ್ ಇರುವ ಲೋಹದ ಕೊಂಡಿ. ಮ್ಯೂನಿಕ್‌ನ ಓಟ್ಟೊ ಹೆರ್ಝೋಗ್ ಸುಮಾರು 1910ರಲ್ಲಿ ಅಗ್ನಿಶಾಮಕರ ಕೊಂಡಿಯನ್ನು ನೋಡಿ ಅದನ್ನು ಬಂಡೆಗೆ ತಂದನೆಂದು ಇತಿಹಾಸ ಹೇಳುತ್ತದೆ.

ಇಂಥ ಕೊಂಡಿಯನ್ನು ಆಯ್ದುಕೊಳ್ಳುವಾಗ ನಾವು ಏನನ್ನು ನೋಡುತ್ತೇವೆ? ಅದರ ಬೆನ್ನಿನ ಮೇಲೆ ಕೊರೆದ ಅಂಕಿಯನ್ನು. ಅಂಕಿ ದೊಡ್ಡದಾದಷ್ಟೂ ಕೊಂಡಿ ಒಳ್ಳೆಯದು ಎಂದು ಮಾರುವವರು ಹೇಳುತ್ತಾರೆ, ಕೊಳ್ಳುವವರು ನಂಬುತ್ತಾರೆ. ಈ ರೂಢಿ ಭೌತವಿಜ್ಞಾನದ ಪರೀಕ್ಷೆಯಲ್ಲಿ ಎಷ್ಟು ನಿಲ್ಲುತ್ತದೆ ಎಂದು ನೋಡುವುದೇ ಈ ವಿಮರ್ಶೆಯ ಉದ್ದೇಶ.

ಅಂಕಿಗಳು ಹೇಳುವುದೇನು?

ಯುರೋಪಿನ ಇಎನ್ 12275 ಎಂಬ ಮಾನಕ ಈ ಕೊಂಡಿಗಳಿಗೆ ಕನಿಷ್ಠ ಬಲವನ್ನು ಗೊತ್ತುಪಡಿಸಿದೆ. ಸಾಮಾನ್ಯ ಬಗೆಯ ಕ್ಯಾರಬಿನರ್ ಮೂರು ಪರೀಕ್ಷೆ ದಾಟಬೇಕು. ಗೇಟ್ ಮುಚ್ಚಿದ್ದಾಗ ಉದ್ದಕ್ಕೆ ಎಳೆದರೆ 20 ಕಿಲೋನ್ಯೂಟನ್, ಅಡ್ಡಕ್ಕೆ ಎಳೆದರೆ 7, ಗೇಟ್ ತೆರೆದಿದ್ದಾಗ ಉದ್ದಕ್ಕೆ ಎಳೆದರೆ 7 ಕಿಲೋನ್ಯೂಟನ್ ಬಲವನ್ನು ಅದು ತಾಳಬೇಕು. ತಯಾರಕರು ತಮ್ಮ ಕೊಂಡಿಯ ಅಂಕಿಗಳನ್ನು ಕಿರುಚಿತ್ರಗಳ ಸಮೇತ ಅದರ ಮೇಲೆ ಕೊರೆಯುತ್ತಾರೆ. 22, 7, 8 ಎಂದೋ 24, 8, 9 ಎಂದೋ ನೀವು ಅಲ್ಲಿ ಓದಬಹುದು.

ಮಾನಕದ ಉಪಕಾರ ದೊಡ್ಡದು. ಶಾಲಾ ಚೀಲಕ್ಕೆ, ಬೀಗದ ಕೈಗೆ ಸಿಕ್ಕಿಸುವ ಅದೇ ಆಕಾರದ ಬಣ್ಣದ ಕೊಂಡಿಗಳು ಪೇಟೆಯಲ್ಲಿ ಧಾರಾಳವಾಗಿ ಸಿಗುತ್ತವೆ. ಜೀವ ಹೊರುವ ಕೊಂಡಿಯನ್ನು ಅವುಗಳಿಂದ ಬೇರ್ಪಡಿಸುವುದು ಮಾನಕದ ಗುರುತು ಮತ್ತು ಈ ಅಂಕಿಗಳೇ. ಗುರುತಿಲ್ಲದ್ದನ್ನು ಬಂಡೆಯ ಹತ್ತಿರವೂ ಒಯ್ಯಬಾರದು. ಆದರೆ ಗುರುತಿರುವ ಎರಡು ಕೊಂಡಿಗಳ ನಡುವೆ ಆಯ್ಕೆ ಮಾಡುವಾಗ ಅಂಕಿಗಳನ್ನು ಓದುವ ನಮ್ಮ ರೀತಿಯ ಬಗ್ಗೆ ನನಗೆ ಮೂರು ತಕರಾರುಗಳಿವೆ.

ಒಂದು: ಕಿಲೋನ್ಯೂಟನ್ ಎಂದರೆ ಕ್ವಿಂಟಲ್ ಅಲ್ಲ

"22 ಕಿಲೋನ್ಯೂಟನ್ ಎಂದರೆ 2,200 ಕಿಲೋಗ್ರಾಂ, ಜೀಪನ್ನೇ ತೂಗುಹಾಕಬಹುದು" ಎಂಬ ಮಾತನ್ನು ನೀವು ಕೇಳಿರಬಹುದು. ಗುಣಾಕಾರ ಸರಿಯಾಗಿದೆ, ಭೌತವಿಜ್ಞಾನ ತಪ್ಪಾಗಿದೆ. ಎ.ಪಿ.ಎಂ.ಸಿ. ಯಾರ್ಡಿನ ತಕ್ಕಡಿಯ ಕೊಕ್ಕೆಗೆ ಹತ್ತಿ ಅಂಡಿಗೆಯನ್ನು ಮೆಲ್ಲಗೆ ತೂಗುಹಾಕುತ್ತಾರೆ. ಬಂಡೆಯ ಮೇಲಿನ ಮನುಷ್ಯ ಬೀಳುತ್ತಾನೆ. ಬೀಳುವವನನ್ನು ನಿಲ್ಲಿಸುವ ಬಲ ಅವನ ತೂಕದಿಂದ ತೀರ್ಮಾನವಾಗುವುದಿಲ್ಲ; ಎಷ್ಟು ದೂರದಲ್ಲಿ ಅವನನ್ನು ನಿಲ್ಲಿಸಿದಿರಿ ಎಂಬುದರಿಂದ ತೀರ್ಮಾನವಾಗುತ್ತದೆ.

ಒಂದು ಲೆಕ್ಕ ಮಾಡೋಣ. ಏರುವವರ ರಾಶಿ 80 ಕಿಲೋಗ್ರಾಂ, ಕೆಳಗಿನಿಂದ ಅವರ ಸೊಂಟದವರೆಗೆ ಹಗ್ಗ 10 ಮೀಟರ್, ಕೊನೆಯ ಕ್ವಿಕ್‌ಡ್ರಾ ಸೊಂಟಕ್ಕಿಂತ 1.5 ಮೀಟರ್ ಕೆಳಗೆ ಎನ್ನಿ. ಕೈ ಜಾರಿದರೆ ಹಗ್ಗ ಬಿಗಿಯಾಗುವ ಮುನ್ನ ಅವರು 3 ಮೀಟರ್ ಬೀಳುತ್ತಾರೆ. ಆಗಿನ ವೇಗ ಸೆಕೆಂಡಿಗೆ ಸುಮಾರು 7.7 ಮೀಟರ್. ಕ್ಲೈಂಬಿಂಗ್ ಹಗ್ಗ ಹಿಗ್ಗುವ ಹಗ್ಗ. ಸಾಧಾರಣ ಹಗ್ಗವೊಂದರ ಗುಣಾಂಕವನ್ನು 24 ಕಿಲೋನ್ಯೂಟನ್ ಎಂದು ಹಿಡಿಯೋಣ. ಅಂದರೆ ಉದ್ದದ ಶೇಕಡಾ 10ರಷ್ಟು ಹಿಗ್ಗಿಸಲು 2.4 ಕಿಲೋನ್ಯೂಟನ್ ಬೇಕು. ಕಳೆದುಕೊಂಡ ಪ್ರಚ್ಛನ್ನ ಶಕ್ತಿಯನ್ನು ಹಗ್ಗದಲ್ಲಿ ಸಂಗ್ರಹವಾದ ಸ್ಥಿತಿಸ್ಥಾಪಕ ಶಕ್ತಿಗೆ ಸಮೀಕರಿಸಿದರೆ ಹಗ್ಗ ಸುಮಾರು 1.76 ಮೀಟರ್ ಹಿಗ್ಗುತ್ತದೆ, ಅದರಲ್ಲಿನ ಗರಿಷ್ಠ ಎಳೆತ ಸುಮಾರು 4.2 ಕಿಲೋನ್ಯೂಟನ್ ಆಗುತ್ತದೆ. ತಾಳೆ ನೋಡಿ: 784 ನ್ಯೂಟನ್ ತೂಕವನ್ನು 4.76 ಮೀಟರ್‌ನಿಂದ ಗುಣಿಸಿದರೂ, 4,240ರ ಅರ್ಧವನ್ನು 1.76ರಿಂದ ಗುಣಿಸಿದರೂ ಸುಮಾರು 3,730 ಜೂಲ್ ಬರುತ್ತದೆ.

ಈಗ ಹಿಗ್ಗುವ ಹಗ್ಗದ ಬದಲು ಅದೇ ಬೀಳುವಿಕೆಯನ್ನು 10 ಸೆಂಟಿಮೀಟರ್‌ನೊಳಗೆ ನಿಲ್ಲಿಸುವ ಉಕ್ಕಿನ ತಂತಿ ಇದೆಯೆನ್ನಿ. ಅದೇ ಲೆಕ್ಕದಲ್ಲಿ ಬಲ 48 ಕಿಲೋನ್ಯೂಟನ್ ದಾಟುತ್ತದೆ. ಆಗ 22 ಎಂದು ಬರೆದ ಕೊಂಡಿ ಉಳಿಯುವುದಿಲ್ಲ. 50 ಎಂದು ಬರೆದದ್ದು ಉಳಿದೀತು, ಆದರೆ ಮನುಷ್ಯ ಉಳಿಯುವುದಿಲ್ಲ. ಪಿಯುಸಿಯಲ್ಲಿ ನಾವು ಹೇಳಿಕೊಡುವ "ರಾಶಿಯಿಲ್ಲದ, ಹಿಗ್ಗದ ದಾರ" ಲೆಕ್ಕಕ್ಕೆ ಸುಲಭ. ಬಂಡೆಯಲ್ಲಿ ಅದು ಅತ್ಯಂತ ಅಪಾಯದ ದಾರ. ಜೀವ ಕಾಯುವುದು ಮೊದಲು ಹಗ್ಗದ ಹಿಗ್ಗು, ಅನಂತರ ಕೊಂಡಿಯ ಗಟ್ಟಿತನ.

ಎರಡು: ದೊಡ್ಡ ಅಂಕಿಗಿಂತ ಚಿಕ್ಕ ಅಂಕಿ ಮುಖ್ಯ

ಭಾವಿಯ ರಾಟೆಯನ್ನು ನೆನಪಿಸಿಕೊಳ್ಳಿ. ಕೊಡದ ಭಾರವೂ ಸೇದುವವರ ಎಳೆತವೂ ಕೂಡಿ ರಾಟೆಯ ಮೇಲೆ ಬೀಳುತ್ತವೆ. ಕೊನೆಯ ಕ್ಯಾರಬಿನರ್ ಕೂಡ ಅಂಥ ರಾಟೆಯೇ. ಏರುವವರ ಬದಿ 4.2 ಕಿಲೋನ್ಯೂಟನ್ ಇದ್ದರೆ, ಕೊಂಡಿಯಲ್ಲಿನ ಘರ್ಷಣೆಯಿಂದಾಗಿ ಕೆಳಗೆ ಹಗ್ಗ ಹಿಡಿದವರ ಬದಿ ಅದರ ಶೇಕಡಾ 60ರಷ್ಟು, ಅಂದರೆ ಸುಮಾರು 2.5 ಇರುತ್ತದೆ. ಕೊಂಡಿಯ ಮೇಲೆ ಒಟ್ಟು 6.7 ಕಿಲೋನ್ಯೂಟನ್. ಹಗ್ಗದ ಕೆಳತುದಿ ಕದಲುವುದೇ ಇಲ್ಲ ಎಂದು ಹಿಡಿದ ಲೆಕ್ಕ ಇದು. ಕೆಳಗಿನವರು ಸ್ವಲ್ಪ ಮೇಲೆಳೆಯಲ್ಪಡುತ್ತಾರೆ, ಹಗ್ಗ ಸ್ವಲ್ಪ ಜಾರುತ್ತದೆ. ಆದ್ದರಿಂದ ಬಹುತೇಕ ಬೀಳುವಿಕೆಗಳಲ್ಲಿ ಬಲ ಇದಕ್ಕಿಂತ ಕಡಿಮೆ. ಆದರೆ ಕೆಳಗಿನವರು ಹೆಚ್ಚು ತೂಕದವರಾಗಿ, ಹಗ್ಗವನ್ನು ಬಿಗಿಹಿಡಿದು ಕದಲದೆ ನಿಂತರೆ ಬಲ ಈ ಅಂದಾಜಿನ ಹತ್ತಿರಕ್ಕೇ ಬರುತ್ತದೆ.

ಈ 6.7ನ್ನು ಕೊಂಡಿಯ ಅಂಕಿಗಳ ಪಕ್ಕದಲ್ಲಿಡಿ. ಗೇಟ್ ಮುಚ್ಚಿದ್ದರೆ 20 ಇದೆ, ಸುಮಾರು ಮೂರು ಪಟ್ಟು. ಹಗ್ಗದ ಮಾನಕವಾದ ಇಎನ್ 892, ತೀವ್ರವಾದ ಪರೀಕ್ಷಾ ಬೀಳುವಿಕೆಯಲ್ಲೂ ಒಂಟಿ ಹಗ್ಗದ ಎಳೆತ 12 ಕಿಲೋನ್ಯೂಟನ್ ಮೀರಬಾರದು ಎನ್ನುತ್ತದೆ. ಅದಕ್ಕೆ ಕೆಳಬದಿಯ ಎಳೆತ ಕೂಡಿಸಿದರೆ ಸುಮಾರು 19 ಅಥವಾ 20. ಅಂದರೆ ಹಗ್ಗ ಒಡ್ಡಬಲ್ಲ ಅತಿ ಹೆಚ್ಚಿನ ಬಲಕ್ಕೆ 20 ಸಾಕು. 22ರ ಬದಲು 25 ಇರುವುದನ್ನು ಕೊಂಡರೆ ನಿಮಗೆ ಸಿಗುವುದು ಸಮಾಧಾನ ಮಾತ್ರ.

ಗೇಟ್ ತೆರೆದಿದ್ದರೆ? 7ಕ್ಕೂ 6.7ಕ್ಕೂ ನಡುವೆ ಉಳಿದ ಅಂತರ ಏನೂ ಇಲ್ಲ. ಕೊಂಡಿ ಬಂಡೆಗೆ ಬಡಿದಾಗ ಜಡತ್ವದಿಂದ ಗೇಟ್ ಕ್ಷಣಕಾಲ ತೆರೆದುಕೊಳ್ಳಬಹುದು. ರಭಸದಿಂದ ಓಡುವ ಹಗ್ಗದ ಕಂಪನಕ್ಕೂ ತೆರೆಯಬಹುದು. ಬಂಡೆಯ ಉಬ್ಬು ಅದನ್ನು ಒತ್ತಿ ಹಿಡಿದಿರಲೂಬಹುದು. ಬೀಳುವಿಕೆಯ ಗರಿಷ್ಠ ಬಲ ಆ ಕ್ಷಣದಲ್ಲೇ ಬಂದರೆ ಲೆಕ್ಕಕ್ಕೆ ಬರುವುದು 22 ಅಲ್ಲ, ಮೂರನೆಯ ಅಂಕಿ. ಅಲ್ಲಿ 7ರ ಬದಲು 9 ಇದ್ದರೆ ಅದು ನಿಜವಾದ ಲಾಭ.

ಗೇಟ್ ತೆರೆದರೆ ಬಲ ಮೂರನೇ ಒಂದಂಶಕ್ಕೆ ಇಳಿಯುವುದೇಕೆ? ಮುಚ್ಚಿದ ಕೊಂಡಿ ಪೂರ್ಣ ಚೌಕಟ್ಟು. ಗೇಟ್ ಕೂಡ ಎಳೆತದಲ್ಲಿ ಪಾಲು ಪಡೆಯುತ್ತದೆ. ತೆರೆದಾಗ ಅದು ಬರಿಯ ಕೊಕ್ಕೆ, ಬೆನ್ನೊಂದೇ ಹೊರಬೇಕು. ಬೆನ್ನಿನ ಸರಳು 10 ಮಿಲಿಮೀಟರ್ ವ್ಯಾಸದ್ದು, ಹಗ್ಗ ಅದರ ನಡುಗೆರೆಯಿಂದ 8 ಮಿಲಿಮೀಟರ್ ದೂರದಲ್ಲಿದೆ ಎನ್ನಿ. 7 ಕಿಲೋನ್ಯೂಟನ್‌ಗೆ ನೇರ ಎಳೆತದ ಪೀಡನ ಚದರ ಮಿಲಿಮೀಟರಿಗೆ ಸುಮಾರು 89 ನ್ಯೂಟನ್. ಬಾಗುವಿಕೆಯಿಂದ ಬೆನ್ನಿನ ಒಳಮೈಯಲ್ಲಿ ಹುಟ್ಟುವ ಪೀಡನವೋ ಸುಮಾರು 570! ಗುಂಡು ಸರಳಿನಲ್ಲಿ ಇವೆರಡರ ಅನುಪಾತ, ದೂರದ ಎಂಟು ಪಟ್ಟನ್ನು ವ್ಯಾಸದಿಂದ ಭಾಗಿಸಿದಷ್ಟು, ಇಲ್ಲಿ 6.4. ಕ್ಯಾರಬಿನರ್‌ಗಳಲ್ಲಿ ಬಳಸುವ 7075 ಎಂಬ ಸತು ಬೆರೆತ ಅಲ್ಯೂಮಿನಿಯಂ ಮಿಶ್ರಲೋಹ ಮುರಿಯುವುದೂ ಸುಮಾರು 570ರ ಆಸುಪಾಸಿನಲ್ಲೇ. ಸ್ಥಿತಿಸ್ಥಾಪಕ ಮಿತಿಯ ಸೂತ್ರ ಬಳಸಿದ್ದರಿಂದ ಇದು ಅಂದಾಜು ಮಾತ್ರ. ಲೋಹ ಮುರಿಯುವ ಮುನ್ನ ಬಾಗಿ ಹೊರೆಯನ್ನು ಹಂಚಿಕೊಳ್ಳುತ್ತದೆ. ಆದರೂ ಕಾರಣ ಸ್ಪಷ್ಟ. ಕೊಂಡಿಗೆ ಡಿ ಆಕಾರ ಕೊಟ್ಟು ಹಗ್ಗವನ್ನು ಬೆನ್ನಿನ ಹತ್ತಿರ ತರುವುದರ ಗುಟ್ಟೂ ಇದೇ.

ಮೂರು: ಕೊಂಡಿಯ ಮೇಲೆ ಬರೆಯದೇ ಉಳಿದದ್ದು

ಮಾನಕದ ಪರೀಕ್ಷೆ ನಡೆಯುವುದು ಹೊಸ ಕೊಂಡಿಯ ಮೇಲೆ, ಯಂತ್ರದಲ್ಲಿ, ನಿಧಾನವಾಗಿ, ನೇರವಾಗಿ ಎಳೆದು. ಬಾದಾಮಿಯ ಬಂಡೆಯಲ್ಲಿ ಈ ನಾಲ್ಕೂ ಸನ್ನಿವೇಶ ಒಟ್ಟಿಗೆ ಇರುವುದು ಅಪರೂಪ. ಕೊಂಡಿ ಬಂಡೆಯ ಅಂಚಿನ ಮೇಲೆ ಕುಳಿತು ಬಾಗಿದರೆ ಯಾವ ಅಂಕಿಯೂ ಅನ್ವಯಿಸುವುದಿಲ್ಲ. ಗೇಟ್ ಬಂದು ಕೂರುವ ತುದಿಯನ್ನು ಮೂಗು ಎನ್ನೋಣ. ಹಲವು ಕೊಂಡಿಗಳಲ್ಲಿ ಆ ಮೂಗಿಗೆ ಕಚ್ಚು ಇರುತ್ತದೆ. ಅದು ಬೋಲ್ಟ್‌ನ ಅಂಚಿಗೆ ಸಿಕ್ಕಿ ಕೊಂಡಿ ತುದಿಯಲ್ಲೇ ನೇತಾಡಿದರೆ, ಬರೆದ ಬಲದ ಸುಮಾರು ಹತ್ತನೇ ಒಂದಂಶಕ್ಕೇ ಮುರಿಯಬಹುದು.

ಸವೆತದ್ದು ಇನ್ನೊಂದು ಕಥೆ. ಮರಳುಗಲ್ಲಿನ ಕಣ ಬಹುಪಾಲು ಕ್ವಾರ್ಟ್ಸ್. ಮೋಸ್ ಮಾಪಕದಲ್ಲಿ ಅದರ ಕಾಠಿಣ್ಯ 7. ಅಲ್ಯೂಮಿನಿಯಂ ಅದಕ್ಕಿಂತ ಬಹಳ ಮೆದು. ಮರಳು ಹಿಡಿದ ಹಗ್ಗ ಅರದಂತೆ ಕೆಲಸ ಮಾಡಿ ಕೊಂಡಿಯಲ್ಲಿ ಗಾಡಿ ಕೊರೆಯುತ್ತದೆ. ಗಾಡಿಯ ಅಂಚು ಹರಿತವಾದರೆ ಮುಂದಿನ ಬೀಳುವಿಕೆಯಲ್ಲಿ ಹಗ್ಗವನ್ನೇ ಕತ್ತರಿಸಬಲ್ಲದು. ಬೆನ್ನಿನ ಮೇಲೆ ಆಗಲೂ 22 ಎಂದೇ ಇರುತ್ತದೆ.

ಇದಕ್ಕಿಂತ ಕಹಿಯಾದ ಉದಾಹರಣೆ 2013ರ ಜುಲೈನಲ್ಲಿ ಫ್ರಾನ್ಸಿನ ಓರ್ಪಿಯೆರ್‌ನಲ್ಲಿ ನಡೆಯಿತು. ಇಟಲಿಯ 12 ವರ್ಷದ ಪ್ರತಿಭಾವಂತ ಬಾಲಕನೊಬ್ಬ ಬಿದ್ದು ತೀರಿಕೊಂಡ. ಕೊಂಡಿ ಮುರಿದಿರಲಿಲ್ಲ. ಕ್ವಿಕ್‌ಡ್ರಾಗಳನ್ನು ತಪ್ಪಾಗಿ ಜೋಡಿಸಲಾಗಿತ್ತು: ಕೊಂಡಿ ಅಲುಗಾಡದಿರಲಿ ಎಂದು ಹಾಕುವ ಸಣ್ಣ ರಬ್ಬರ್ ಬಳೆಯೊಳಗೆ ಮಾತ್ರ ಕೊಂಡಿ ಹಾದಿತ್ತು, ಹೊರೆ ಹೊರಬೇಕಾದ ಪಟ್ಟಿಯೊಳಗೆ ಹಾದಿರಲಿಲ್ಲ. ಎರಡು ಕೊಂಡಿಗಳ ಮೇಲಿನ ಅಂಕಿ ಎಷ್ಟಿದ್ದರೇನು, ನಡುವಿನ ರಬ್ಬರ್ ಎಷ್ಟು ತಾಳೀತೋ ಅಷ್ಟೇ ಆ ಸರಪಳಿಯ ಬಲ.

ಹಾಗಾದರೆ ಆಯ್ಕೆ ಹೇಗೆ?

ಮಾನಕದ ಗುರುತಿದ್ದರೆ ಮೊದಲ ಅಂಕಿಯನ್ನು ಮರೆತುಬಿಡಿ. ಗೇಟ್ ತೆರೆದಾಗಿನ ಅಂಕಿ 9ರ ಸುತ್ತ ಇರುವುದನ್ನು ಹುಡುಕಿ. ಬೋಲ್ಟ್ ಬದಿಗೆ ಮೂಗಿನಲ್ಲಿ ಕಚ್ಚಿಲ್ಲದ ಕೊಂಡಿ ಒಳ್ಳೆಯದು. ಹಗ್ಗದ ಬದಿಗೆ ತಂತಿಯ ಗೇಟ್ ಒಳ್ಳೆಯದು. ಅದರ ರಾಶಿ ಕಡಿಮೆ, ಆದ್ದರಿಂದ ಬಡಿತಕ್ಕೆ ತೆರೆಯುವ ಸಂಭವವೂ ಕಡಿಮೆ. ಹಗ್ಗ ಕೂರುವ ಜಾಗದ ದುಂಡು ಅಗಲವಾಗಿರಲಿ. ಎರಡು ಬದಿಗಳನ್ನು ಎಂದೂ ಅದಲುಬದಲು ಮಾಡಬೇಡಿ: ಬೋಲ್ಟ್‌ನ ಉಕ್ಕು ಕೊಂಡಿಯ ಮೇಲೆ ಎಬ್ಬಿಸಿದ ಮುಳ್ಳುಗಳು ಹಗ್ಗವನ್ನು ಹರಿಯುತ್ತವೆ. ಬಂಡೆಯಲ್ಲೇ ಬಿಟ್ಟಿರುವ ಕೊಂಡಿಗಳನ್ನು ಬೆರಳಾಡಿಸಿ ನೋಡದೆ ನಂಬಬೇಡಿ. ಅಂಥ ಸ್ಥಿರ ಜಾಗಕ್ಕೆ ಉಕ್ಕಿನದೇ ತಕ್ಕದ್ದು. ರಬ್ಬರ್ ಬಳೆ ಇರುವ ಕ್ವಿಕ್‌ಡ್ರಾದಲ್ಲಿ ಕೊಂಡಿ ಪಟ್ಟಿಯ ಒಳಗೇ ಹಾದಿದೆಯೇ ಎಂದು ಏರುವ ಮುನ್ನ ಒಂದೊಂದನ್ನೂ ನೋಡಿ.

ಮುಂಡರಗಿ, ಶಿರಹಟ್ಟಿ ಕಡೆಯ ಗಾಳಿಯಂತ್ರಗಳನ್ನು ಏರುವ ಕೆಲಸಗಾರರ ಕೊಂಡಿ ಇನ್ನೂ ಗಟ್ಟಿಯಲ್ಲವೇ ಎಂದು ನೀವು ಕೇಳಬಹುದು. ಅವರ ಕೆಲಸಕ್ಕೆ ಇಎನ್ 362 ಎಂಬ ಬೇರೆಯೇ ಮಾನಕವಿದೆ. ಗೇಟ್‌ಗೆ ಬೀಗ ಇರಲೇಬೇಕು, ಉಕ್ಕಿನ ಭಾರ ಅಲ್ಲಿ ಅಡ್ಡಿಯಲ್ಲ. ಒಂದು ಕೈಯಲ್ಲಿ ಬಂಡೆ ಹಿಡಿದು ಇನ್ನೊಂದು ಕೈಯಲ್ಲಿ ಕ್ಷಣದಲ್ಲಿ ಹಗ್ಗ ಹಾಯಿಸಬೇಕಾದ, ಹತ್ತು ಹನ್ನೆರಡು ಕ್ವಿಕ್‌ಡ್ರಾ ಹೊತ್ತು ಏರಬೇಕಾದವರಿಗೆ ಅದು ಒಗ್ಗದು.

ಶಿಕ್ಷಕರಿಗೆ ಒಂದು ಮಾತು. ಬಟ್ಟೆ ಹೊಲಿಯುವ ದಾರಕ್ಕೆ 200 ಗ್ರಾಂ ಬೊಟ್ಟು ಕಟ್ಟಿ ತೂಗುಹಾಕಿ, ದಾರ ತಾಳುತ್ತದೆ. ಬೊಟ್ಟನ್ನು 10 ಸೆಂಟಿಮೀಟರ್ ಎತ್ತಿ ಬಿಡಿ, ದಾರ ಹರಿಯುತ್ತದೆ. ನಾಲ್ಕೈದು ರಬ್ಬರ್ ಬ್ಯಾಂಡುಗಳನ್ನು ಸರಪಳಿ ಮಾಡಿ ನಡುವೆ ಸೇರಿಸಿ ಮತ್ತೆ ಬಿಡಿ. ಅದೇ ದಾರ ಉಳಿಯುತ್ತದೆ. ಕೆಳಗೆ ಮರಳಿನ ಚೀಲ ಇಡಲು ಮರೆಯಬೇಡಿ. ದಾರದ ಬಲ ಮೂರು ಸಲವೂ ಒಂದೇ ಇತ್ತು, ಸನ್ನಿವೇಶ ಮಾತ್ರ ಬೇರೆ ಎಂಬುದನ್ನು ಮಕ್ಕಳೇ ಹೇಳಲಿ. ಆಮೇಲೆ ಒಂದು ಕ್ಯಾರಬಿನರ್ ಅವರ ಕೈಗೆ ಕೊಟ್ಟು ಕೇಳಿ: ಈ 22ನ್ನು ಅಳೆದದ್ದು ಯಾವ ಸನ್ನಿವೇಶದಲ್ಲಿ? ಬಾದಾಮಿಗೆ ಹೊರಡುವ ಮುನ್ನ ಪ್ರತಿ ವಿದ್ಯಾರ್ಥಿಯೂ ಉತ್ತರಿಸಬೇಕಾದ ಪ್ರಶ್ನೆ ಅದು.