ಮಗುವಿನ ಪಾಲಿನ ಲೆಕ್ಕ: ಒಂದು ತೀರ್ಪಿನ ವಿಮರ್ಶೆ

ತಂದೆತಾಯಿಗಳು ಬೇರೆಯಾದಾಗ ಮಗುವಿನ ಪಾಲನೆಯ ವೆಚ್ಚವನ್ನು ಯಾರು, ಎಷ್ಟು, ಎಂದಿನಿಂದ ಕೊಡತಕ್ಕದ್ದು ಎಂಬ ಪ್ರಶ್ನೆಗೆ ಈ ದೇಶದ ನ್ಯಾಯಾಲಯಗಳು ಬಹುಕಾಲ ಊರಿಗೊಂದು ಉತ್ತರವನ್ನು ಕೊಡುತ್ತ ಬಂದಿದ್ದವು. 2020ರ ನವೆಂಬರ್ 4ರಂದು ಸುಪ್ರೀಂ ಕೋರ್ಟಿನ ನ್ಯಾಯಮೂರ್ತಿ ಇಂದು ಮಲ್ಹೋತ್ರಾ ಮತ್ತು ನ್ಯಾಯಮೂರ್ತಿ ಆರ್. ಸುಭಾಷ್ ರೆಡ್ಡಿ ಅವರ ಪೀಠವು ಜೀವನಾಂಶದ ಬಗ್ಗೆ ನೀಡಿದ ತೀರ್ಪು ಈ ಗೊಂದಲಕ್ಕೆ ತೆರೆ ಎಳೆಯಿತೆಂದು ವಕೀಲ ಸಮುದಾಯವು ಕೊಂಡಾಡಿದೆ. ಆ ಪ್ರಶಂಸೆ ಅಕಾರಣವಲ್ಲ. ಆದರೂ ಜಮಾಖರ್ಚಿನ ಪುಸ್ತಕವನ್ನು ಓದಬಲ್ಲವರು ಈ ತೀರ್ಪನ್ನು ಕೈಗೆತ್ತಿಕೊಂಡರೆ, ಪತ್ನಿಯ ಖಾತೆಯನ್ನು ವಿವರವಾಗಿ ಬರೆದ ಲೇಖನಿ ಮಗುವಿನ ಖಾತೆಗೆ ಬಂದಾಗ ಅವಸರಪಟ್ಟಿದೆಯೆಂಬುದು ಮರೆಯಾಗುವುದಿಲ್ಲ.

ಇದು ಪರರ ಮನೆಯ ವಿಷಯವೆಂದು ಜೈನ ಕುಟುಂಬಗಳು ಭಾವಿಸುವಂತಿಲ್ಲ. 1955ರ ಹಿಂದೂ ವಿವಾಹ ಅಧಿನಿಯಮವೂ 1956ರ ಹಿಂದೂ ದತ್ತಕ ಮತ್ತು ಜೀವನಾಂಶ ಅಧಿನಿಯಮವೂ ತಮ್ಮ ಎರಡನೆಯ ಪ್ರಕರಣದಲ್ಲಿಯೇ ಜೈನರನ್ನು ಹೆಸರಿಸಿ ಒಳಗೊಂಡಿವೆ. ಎರಡನೆಯ ಅಧಿನಿಯಮದ 20ನೆಯ ಪ್ರಕರಣದಂತೆ ಅಪ್ರಾಪ್ತ ಮಗುವು ತಂದೆಯಿಂದಲೂ ತಾಯಿಯಿಂದಲೂ ಪೋಷಣೆಯನ್ನು ಕೇಳಬಹುದು. ಪೋಷಣೆಯೆಂದರೆ ಅನ್ನ, ವಸ್ತ್ರ, ವಸತಿಗಳಷ್ಟೇ ಅಲ್ಲ, ವಿದ್ಯೆ ಮತ್ತು ವೈದ್ಯೋಪಚಾರಗಳೂ ಸೇರಿವೆ. ಮಡದಿ ಮಕ್ಕಳಿಗಾಗಿ ಶೀಘ್ರ ಪರಿಹಾರ ಕೊಡುತ್ತಿದ್ದ ದಂಡ ಪ್ರಕ್ರಿಯಾ ಸಂಹಿತೆಯ 125ನೆಯ ಪ್ರಕರಣವು 2024ರ ಜುಲೈ 1ರಿಂದ ಭಾರತೀಯ ನಾಗರಿಕ ಸುರಕ್ಷಾ ಸಂಹಿತೆಯ 144ನೆಯ ಪ್ರಕರಣವಾಗಿದೆ. ಸಂಖ್ಯೆ ಬದಲಾದರೂ ತಿರುಳು ಅದೇ. ಕೇಂದ್ರದ ಶಾಸನದಲ್ಲಿ ಈ ಮೊತ್ತಕ್ಕೆ ತಿಂಗಳಿಗೆ 500 ರೂಪಾಯಿಗಳ ಮೇಲ್ಮಿತಿಯೊಂದಿದ್ದು, 2001ರ ತಿದ್ದುಪಡಿಯವರೆಗೂ ಅದು ಉಳಿದುಕೊಂಡಿತ್ತೆಂಬುದನ್ನು ಇಂದು ನಂಬುವುದೇ ಕಷ್ಟ.

ತೀರ್ಪಿಗೆ ಆಧಾರವಾದ ಮೊಕದ್ದಮೆಯ ಅಂಕಿಗಳನ್ನು ನೋಡಬೇಕು. 2013ರಲ್ಲಿ ತಾಯಿಯೊಬ್ಬಳು ತನಗೂ ಪುಟ್ಟ ಮಗನಿಗೂ ಮಧ್ಯಂತರ ಜೀವನಾಂಶವನ್ನು ಬೇಡಿದಳು. 2015ರ ಆಗಸ್ಟಿನಲ್ಲಿ ಕೌಟುಂಬಿಕ ನ್ಯಾಯಾಲಯವು ತಾಯಿಗೆ ಮಾಸಿಕ 15,000 ರೂಪಾಯಿಗಳನ್ನೂ, ಮಗನಿಗೆ 2013ರ ಸೆಪ್ಟೆಂಬರಿನಿಂದ ಎರಡು ವರ್ಷ 5,000 ರೂಪಾಯಿಗಳನ್ನೂ ಆ ಬಳಿಕ 10,000 ರೂಪಾಯಿಗಳನ್ನೂ ವಿಧಿಸಿತು. ವ್ಯಾಜ್ಯವು ಬೊಂಬಾಯಿ ಹೈಕೋರ್ಟಿಗೂ ಅಲ್ಲಿಂದ ದೆಹಲಿಗೂ ಏರಿತು. ಮಧ್ಯಂತರದ ಅರ್ಜಿಯೊಂದೇ ಏಳು ವರ್ಷ ನಡೆಯಿತೆಂದು ಪೀಠವೇ ಖೇದದಿಂದ ದಾಖಲಿಸಿದೆ. ಮಗನ ಪಾಲನ್ನು ಕೂಡಿಸಿದರೆ 24 ತಿಂಗಳಿಗೆ 1,20,000, ಅನಂತರ 2020ರ ಅಕ್ಟೋಬರಿನವರೆಗೆ 62 ತಿಂಗಳಿಗೆ 6,20,000, ಒಟ್ಟು 7,40,000 ರೂಪಾಯಿಗಳಾಗುತ್ತವೆ. ಹುಡುಗನು ತೊಟ್ಟಿಲಿನಿಂದ ಪಾಠಶಾಲೆಗೆ ನಡೆದುಹೋದ ಈ ಅವಧಿಯಲ್ಲಿ ಕೊನೆಯ ಐದು ವರ್ಷಗಳ ಕಾಲ 10,000ವೆಂಬ ಅಂಕಿ ಮಾತ್ರ ನಿಂತಲ್ಲಿಯೇ ನಿಂತಿತ್ತು.

ಪೀಠವು ಮಾಡಿದ ಸುಧಾರಣೆಗಳು ಸ್ಪಷ್ಟವಾಗಿವೆ. ಉಭಯ ಪಕ್ಷದವರೂ ಆಸ್ತಿ, ಆದಾಯ, ಋಣಗಳ ಪ್ರಮಾಣಪತ್ರವನ್ನು ಸಲ್ಲಿಸಬೇಕು. ಪ್ರತಿವಾದಿಗೆ ಹೆಚ್ಚೆಂದರೆ ನಾಲ್ಕು ವಾರಗಳ ಅವಕಾಶ. ಬೇಕೆಂದೇ ಮತ್ತೆ ಮತ್ತೆ ತಡಮಾಡಿದರೆ ಪ್ರತಿವಾದವನ್ನೇ ತಳ್ಳಿಹಾಕಬಹುದು. ಪ್ರಮಾಣಪತ್ರ ಬಂದ ನಾಲ್ಕರಿಂದ ಆರು ತಿಂಗಳೊಳಗೆ ಮಧ್ಯಂತರ ಆದೇಶವಾಗಬೇಕು. ಜೀವನಾಂಶವು ಆದೇಶದ ದಿನದಿಂದಲ್ಲ, ಅರ್ಜಿಯ ದಿನದಿಂದಲೇ ಸಲ್ಲಬೇಕು. ಈ ಕೊನೆಯದೊಂದೇ ತೀರ್ಪನ್ನು ಸ್ಮರಣೀಯವಾಗಿಸಲು ಸಾಕು. ವಾಯಿದೆಗಳನ್ನು ಮುಂದೂಡಿ ಲಾಭ ಪಡೆಯುವ ವ್ಯಾಪಾರಕ್ಕೆ ಅದು ಬಾಗಿಲು ಹಾಕಿತು.

ಮಗುವಿನ ವಿಷಯದಲ್ಲಿ ಹೇಳಿದ್ದೇನು? ಆಹಾರ, ಬಟ್ಟೆ, ವಸತಿ, ಔಷಧ, ವಿದ್ಯಾಭ್ಯಾಸ ಇವೆಲ್ಲ ಸೇರಬೇಕು. ಹೆಚ್ಚಿನ ತರಬೇತಿಯ ಖರ್ಚು ಮಿತಿಮೀರದಂತಿರಬೇಕು. ವಿದ್ಯಾಭ್ಯಾಸದ ವೆಚ್ಚ ಸಾಮಾನ್ಯವಾಗಿ ತಂದೆಯದು. ತಾಯಿಯ ದುಡಿಮೆ ಸಾಕಷ್ಟಿದ್ದರೆ ಪ್ರಮಾಣಾನುಗುಣವಾಗಿ ಹಂಚಿಕೊಳ್ಳಬಹುದು. ಮಾತುಗಳೆಲ್ಲ ಸರಿ, ಆದರೆ ಲೆಕ್ಕದ ಕ್ರಮವಿಲ್ಲ. ಮೊದಲು ಏನನ್ನು ಬರೆಯಬೇಕು, ಯಾವುದನ್ನು ಯಾವುದರಿಂದ ಭಾಗಿಸಬೇಕು ಎಂಬುದು ಆಯಾ ನ್ಯಾಯಾಧೀಶರ ವಿವೇಚನೆಗೆ ಬಿಟ್ಟಿದೆ. ಪತಿಯ ನಿವ್ವಳ ವೇತನದ ಶೇಕಡ 25 ಎಂಬ ಮಾತು ಕೌಟುಂಬಿಕ ನ್ಯಾಯಾಲಯಗಳ ಆವರಣದಲ್ಲಿ ಗಾದೆಯಂತೆ ಹರಿದಾಡುತ್ತದೆ. 1970ರ ಮತ್ತು 2017ರ ತೀರ್ಪುಗಳಲ್ಲಿ ಅದು ಬಂದಿರುವುದು ಪತ್ನಿಯ ಪಾಲಿನ ಬಗ್ಗೆ. ಮಗುವಿನ ಬಗ್ಗೆ ಅಂಥ ಸೂತ್ರವಿಲ್ಲ. ತಾಯಿಗೆ ಅಳೆದ ಮೇಲೆ ಉಳಿದ ಕಾಳನ್ನು ಮಗುವಿನ ಸೇರಿಗೆ ಸುರಿಯುವುದೇ ರೂಢಿಯಾಗಿದೆ.

ಇದಕ್ಕಿಂತ ಉತ್ತಮವಾದ ಮಾರ್ಗವನ್ನು ಇಪ್ಪತ್ತು ವರ್ಷಗಳ ಮುಂಚೆಯೇ ಅದೇ ನ್ಯಾಯಾಲಯವು ತೋರಿಸಿತ್ತು. 2000ದ ಮಾರ್ಚಿನಲ್ಲಿ ತೀರ್ಮಾನವಾದ ಒಂದು ಮೇಲ್ಮನವಿಯಲ್ಲಿ ತಂದೆತಾಯಿಗಳಿಬ್ಬರೂ ಉದ್ಯೋಗಸ್ಥರು, ತಂದೆಯ ಸಂಬಳ ತಾಯಿಯದಕ್ಕಿಂತ ಸುಮಾರು ಎರಡರಷ್ಟು. ಪೀಠವು ಮೊದಲು ಪ್ರತಿ ಮಗುವಿಗೆ ತಿಂಗಳಿಗೆ 3,000 ರೂಪಾಯಿ ಬೇಕೆಂದು ನಿಗದಿ ಮಾಡಿ, ಅದನ್ನು 2:1ರ ಪ್ರಮಾಣದಲ್ಲಿ ಹೊರಿಸಿತು. ಎಷ್ಟು ಸರಳ! ಮೊದಲು ಮಗುವಿನ ಅಗತ್ಯ, ಬಳಿಕ ದುಡಿಯುವವರ ಸಾಮರ್ಥ್ಯ, ಆ ಮೇಲೆ ಭಾಗಾಕಾರ. ಪಾಲುದಾರಿಕೆಯ ಅಂಗಡಿಯನ್ನು ನಡೆಸಿದ ಯಾರಿಗೂ ಈ ವಿಧಾನ ಹೊಸತಲ್ಲ. 2020ರ ತೀರ್ಪು ಈ ಕ್ರಮವನ್ನು ಪ್ರಮಾಣಪತ್ರದ ಜೊತೆಯಲ್ಲಿಯೇ ಕಡ್ಡಾಯ ಮಾಡಿದ್ದರೆ ಅದರ ಉಪಯೋಗ ಇಮ್ಮಡಿಯಾಗುತ್ತಿತ್ತು. ಇಂಗ್ಲೆಂಡಿನಲ್ಲಿ ವಾರದ ಒಟ್ಟು ಆದಾಯ 800 ಪೌಂಡಿನವರೆಗೆ ಒಂದು ಮಗುವಿಗೆ ಶೇಕಡ 12, ಎರಡಕ್ಕೆ 16, ಮೂರು ಅಥವಾ ಹೆಚ್ಚಿಗೆ 19 ಎಂಬ ದರಪಟ್ಟಿಯಿದೆ. ಅಂಥ ಯಾಂತ್ರಿಕ ಪಟ್ಟಿ ಇಲ್ಲಿಗೆ ಬೇಕೆಂದಲ್ಲ. ಅವಿಭಕ್ತ ಕುಟುಂಬದ ವರಮಾನವನ್ನು ಅಂಥ ಪಟ್ಟಿಯಲ್ಲಿ ಹಿಡಿದಿಡುವುದು ದುಸ್ತರ.

ವಿಷಯದ ಕ್ಲಿಷ್ಟತೆ ಇರುವುದೂ ಇಲ್ಲಿಯೇ. ಸಂಬಳದಾರನ ಆದಾಯ ವೇತನ ಚೀಟಿಯಲ್ಲಿ ಬೆಳಕಿಗೆ ಬರುತ್ತದೆ. ವರ್ತಕನ ಆದಾಯ ಎಲ್ಲಿದೆ? ವಧುವಿನ ಕಡೆಯವರು ಮಾತುಕತೆಗೆ ಬಂದಾಗ ತುಂಬಿ ತುಳುಕುತ್ತಿದ್ದ ಅಂಗಡಿ, ಕೌಟುಂಬಿಕ ನ್ಯಾಯಾಲಯದ ಸಮನ್ಸು ಬಂದ ವರ್ಷ ಸರಿಯಾಗಿ ನಷ್ಟಕ್ಕೆ ಇಳಿಯುವುದು ಏಕೆಂಬುದನ್ನು ಅರ್ಥಶಾಸ್ತ್ರಜ್ಞರು ಇನ್ನೂ ವಿವರಿಸಬೇಕಾಗಿದೆ. ಬಂಡವಾಳ ತಂದೆಯ ಹೆಸರಿನಲ್ಲಿ, ಗೋದಾಮು ತಾಯಿಯ ಹೆಸರಿನಲ್ಲಿ, ಕಾರು ಸಂಸ್ಥೆಯ ಹೆಸರಿನಲ್ಲಿ. ಮಗನ ಹೆಸರಿನಲ್ಲಿ ಮಾತ್ರ ಗುಮಾಸ್ತನ ಸಂಬಳ. ಪೀಠವು ಈ ಮಾಯೆಯನ್ನು ಅರಿಯದೆ ಹೋಗಲಿಲ್ಲ. ಸ್ವಂತ ವ್ಯವಹಾರವುಳ್ಳವನು ಅದು ಏಕವ್ಯಕ್ತಿಯದೋ, ಪಾಲುದಾರಿಕೆಯೋ, ಕಂಪನಿಯೋ, ಹಿಂದೂ ಅವಿಭಕ್ತ ಕುಟುಂಬದ್ದೋ ಎಂಬುದನ್ನು ಪ್ರಮಾಣಪತ್ರದಲ್ಲಿ ಬಿಚ್ಚಿ ಹೇಳಬೇಕು. ದೃಢಕಾಯನೂ ವಿದ್ಯಾವಂತನೂ ಆದವನು ತನಗೆ ಆದಾಯವೇ ಇಲ್ಲವೆಂದರೆ ಅದಷ್ಟರಿಂದ ಹೊಣೆ ತಪ್ಪುವುದಿಲ್ಲ. ಸುಳ್ಳು ಬರೆದವನ ಮೇಲೆ ಮೊಕದ್ದಮೆ ಹೂಡುವ ಮಾರ್ಗವೂ ಇದೆ. ಆದರೆ ತೆರಿಗೆಯ ವಿವರಣ ಪತ್ರವೊಂದನ್ನೇ ನೆಚ್ಚಿದರೆ ಸತ್ಯ ಸಿಗಲಾರದು. ವರ್ಷವಿಡೀ ಬಂಡವಾಳ ಖಾತೆಯಿಂದ ಮನೆಖರ್ಚಿಗೆ ಹೊರಬಿದ್ದ ಹಣವೆಷ್ಟು, ವಿಮೆಯ ಕಂತನ್ನು ಕಟ್ಟಿದವರು ಯಾರು, ಪ್ರವಾಸದ ಖರ್ಚು ಯಾವ ಶೀರ್ಷಿಕೆಯಲ್ಲಿ ಅಡಗಿದೆ ಎಂದು ಹುಡುಕುವ ಕಣ್ಣು ನ್ಯಾಯಾಧೀಶರಿಗೆ ಬೇಕು, ಇಲ್ಲವೆ ಲೆಕ್ಕಪರಿಶೋಧಕರ ನೆರವು ಬೇಕು. 1984ರ ಕೌಟುಂಬಿಕ ನ್ಯಾಯಾಲಯಗಳ ಅಧಿನಿಯಮವು ವೈದ್ಯರ, ಸಮಾಜ ಕಲ್ಯಾಣ ತಜ್ಞರ ಸಹಾಯವನ್ನು ಹೆಸರಿಸಿ ಹೇಳುತ್ತದೆ. ಲೆಕ್ಕ ಬಲ್ಲವರನ್ನು ನೆನೆದಿಲ್ಲ. ತತ್ತ್ವಾರ್ಥಸೂತ್ರದ ಏಳನೆಯ ಅಧ್ಯಾಯವು ಸತ್ಯಾಣುವ್ರತದ ಅತಿಚಾರಗಳಲ್ಲಿ ಕೂಟಲೇಖಕ್ರಿಯೆಯನ್ನು, ಅಂದರೆ ಸುಳ್ಳು ಪತ್ರ ಬರೆಯುವುದನ್ನು ಎಣಿಸಿರುವುದು ವ್ಯಾಪಾರಸ್ಥ ಶ್ರಾವಕರಿಗೆ ಗೊತ್ತಿದ್ದದ್ದೇ. ಅದನ್ನು ಸಾಲಗಾರನ ಮುಂದಿನ ಪತ್ರಕ್ಕೆ ಮಾತ್ರ ಅನ್ವಯಿಸಿಕೊಂಡು ಸ್ವಂತ ಶಿಶುವಿನ ಮುಂದಿನ ಪತ್ರವನ್ನು ಬಿಟ್ಟುಬಿಡುವುದು ವಿಚಿತ್ರವಾದ ವ್ಯಾಖ್ಯಾನ.

ಮಾರ್ಪಾಡಿನ ವಿಷಯ ಸಂಕ್ಷಿಪ್ತವಾದದ್ದು. ಪರಿಸ್ಥಿತಿ ಬದಲಾದರೆ ಮೊತ್ತವನ್ನು ಏರಿಸಲೂ ಇಳಿಸಲೂ ಹಿಂದೆ 127ನೆಯ ಪ್ರಕರಣವಿತ್ತು, ಈಗ 146ನೆಯದಿದೆ. 1956ರ ಅಧಿನಿಯಮದ 25ನೆಯ ಪ್ರಕರಣವೂ ಇದೆ. ಆದರೆ ಪ್ರತಿ ಬಾರಿಯೂ ಹೊಸ ಅರ್ಜಿ, ಹೊಸ ವಕೀಲಿ ಶುಲ್ಕ, ಹೊಸ ವಾಯಿದೆ. ಶಾಲೆಯ ಶುಲ್ಕ ಏರುವುದಕ್ಕೆ ಯಾರ ಅನುಮತಿಯೂ ಬೇಡ. ಮೂಲ ಆದೇಶದಲ್ಲಿಯೇ ವರ್ಷಕ್ಕೆ ಇಂತಿಷ್ಟು ಏರಿಕೆಯೆಂದು ಬರೆಯುವುದನ್ನು ಪೀಠವು ನಿಯಮವಾಗಿಸಲಿಲ್ಲ. ಇನ್ನೊಂದು ಕೊರತೆ ತೀರ್ಪಿನದಲ್ಲ, ಶಾಸನದ್ದು. ಗಂಡುಮಗನ ಹಕ್ಕು ಸಾಮಾನ್ಯವಾಗಿ 18ನೆಯ ವರ್ಷಕ್ಕೆ ಮುಗಿಯುತ್ತದೆ, ಅಂದರೆ ಕಾಲೇಜಿನ ದೊಡ್ಡ ಖರ್ಚು ಆರಂಭವಾಗುವ ಹೊತ್ತಿಗೆ. ಅವಿವಾಹಿತ ಮಗಳು ತನ್ನನ್ನು ತಾನು ಪೋಷಿಸಿಕೊಳ್ಳಲಾರದಿದ್ದರೆ ಆ ಬಳಿಕವೂ 1956ರ ಅಧಿನಿಯಮದಡಿ ಕೇಳಬಹುದೆಂದು ಸುಪ್ರೀಂ ಕೋರ್ಟ್ 2020ರ ಸೆಪ್ಟೆಂಬರಿನಲ್ಲಿ ಸ್ಪಷ್ಟಪಡಿಸಿತು.

ಜಾರಿಯ ಕತೆ ಇನ್ನಷ್ಟು ನಿರಾಶಾದಾಯಕ. ಸಕಾರಣವಿಲ್ಲದೆ ಬಾಕಿ ಉಳಿಸಿಕೊಂಡವನ ಮೇಲೆ ದಂಡದಂತೆ ವಸೂಲಿ ಮಾಡಲು ವಾರಂಟ್ ಹೊರಡಿಸಬಹುದು. ಆಗಲೂ ಕೊಡದಿದ್ದರೆ ತಿಂಗಳೊಂದರ ಬಾಕಿಗೆ ಒಂದು ತಿಂಗಳವರೆಗೆ ಸೆರೆಮನೆ. ಸೆರೆಮನೆಯು ವಸೂಲಿಯ ಸಾಧನವೇ ಹೊರತು ಸಾಲದ ತೀರುವಳಿಯಲ್ಲವೆಂದು ಸುಪ್ರೀಂ ಕೋರ್ಟ್ ಬಹು ಹಿಂದೆಯೇ ಹೇಳಿದೆ; ಒಳಗೆ ಕುಳಿತು ಬಂದವನ ಬಾಕಿ ಹಾಗೆಯೇ ಇರುತ್ತದೆ. ಆದರೆ ಬಾಕಿಯಾದ ದಿನದಿಂದ ಒಂದು ವರ್ಷದೊಳಗೆ ಅರ್ಜಿ ಸಲ್ಲಿಸದಿದ್ದರೆ ಆ ಕಂತಿಗೆ ಈ ವಾರಂಟ್ ದೊರೆಯುವುದಿಲ್ಲ. ಇದನ್ನರಿಯದೆ ಸುಮ್ಮನಿದ್ದ ತಾಯಂದಿರು ಅನೇಕರು. 2020ರ ತೀರ್ಪು ಸಿವಿಲ್ ನ್ಯಾಯಾಲಯದ ಹಣದ ಡಿಕ್ರಿಯಂತೆಯೂ ಜಾರಿ ಮಾಡಬಹುದೆಂದು ಹೇಳಿ ಆಸ್ತಿ ಜಪ್ತಿಯ ದಾರಿಯನ್ನು ಎತ್ತಿ ತೋರಿಸಿದ್ದು ಉಪಕಾರ. ಜೀವನಾಂಶದ ಡಿಕ್ರಿಗೆ ವೇತನದ ಮೂರನೆಯ ಒಂದು ಭಾಗವಷ್ಟೇ ಜಪ್ತಿಯಿಂದ ಮುಕ್ತ. ವೇತನವಿಲ್ಲದ ವರ್ತಕನ ಬಳಿ ಮತ್ತೆ ಹಳೆಯ ಪ್ರಶ್ನೆಯೇ: ಯಾವ ಸ್ವತ್ತು ಯಾರದು? 2023ರ ನವೆಂಬರಿನಲ್ಲಿ ಅಪ್ರಾಪ್ತ ಮಗುವೊಂದರ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ ತನ್ನ ಪ್ರಮಾಣಪತ್ರದ ನಿಯಮವನ್ನೇ ಕೆಳಗಿನ ನ್ಯಾಯಾಲಯಗಳು ಪಾಲಿಸುತ್ತಿಲ್ಲವೆಂದು ಹೇಳಿ ತೀರ್ಪನ್ನು ಮತ್ತೆ ಎಲ್ಲೆಡೆಗೂ ಕಳುಹಿಸಬೇಕಾಯಿತು.

ವ್ಯಾಜ್ಯದ ಭಯದಿಂದ ಕುಟುಂಬಗಳು ಹಿರಿಯರ ಮುಂದೆ, ಟ್ರಸ್ಟಿನ ಕೊಠಡಿಯಲ್ಲಿ ಇತ್ಯರ್ಥಕ್ಕೆ ಕೂರುವುದುಂಟು. ಅದು ಒಳ್ಳೆಯದೇ. ಆದರೆ ಅಲ್ಲಿ ಬರೆಯುವ ಕಾಗದದಲ್ಲಿ ಒಂದಿಷ್ಟು ಹಣವನ್ನು ಒಮ್ಮೆಗೇ ಕೊಟ್ಟು, ತಾಯಿಯಿಂದ “ತನಗಾಗಲಿ ಮಗುವಿಗಾಗಲಿ ಇನ್ನು ಯಾವ ಹಕ್ಕೂ ಇಲ್ಲ” ಎಂದು ಸಹಿ ಹಾಕಿಸಿಕೊಳ್ಳುವ ಪದ್ಧತಿ ಇದೆ. ಪರಸ್ಪರ ಸಮ್ಮತಿಯಿಂದ ಬೇರೆಯಾಗಿದ್ದರೆ ಜೀವನಾಂಶವಿಲ್ಲವೆಂಬ 144ನೆಯ ಪ್ರಕರಣದ ನಿರ್ಬಂಧ ಪತ್ನಿಗೆ ಮಾತ್ರ, ಮಗುವಿಗಿಲ್ಲ. ಮಗುವು ಆ ಕಾಗದಕ್ಕೆ ಸಹಿ ಹಾಕಿಲ್ಲ, ಹಾಕಲೂ ಬಾರದು. ಟ್ರಸ್ಟಿನವರು ಅಂಥ ಹಾಳೆಯಲ್ಲಿ ಮಗುವಿಗೆಂದೇ ಒಂದು ಪುಟವನ್ನು ತೆಗೆದಿಟ್ಟು, ಶಾಲೆಯ ಹೆಸರು, ಈ ವರ್ಷದ ಶುಲ್ಕ, ವೈದ್ಯಕೀಯ ವಿಮೆ, ವಾರ್ಷಿಕ ಏರಿಕೆಯ ದರ, ಹಣ ಜಮೆಯಾಗಬೇಕಾದ ಬ್ಯಾಂಕ್ ಖಾತೆ ಮತ್ತು ತಾರೀಖುಗಳನ್ನು ಬರೆಸಿ, ಅದನ್ನು ಕೌಟುಂಬಿಕ ನ್ಯಾಯಾಲಯದ ಮುಂದೆ ಸಮ್ಮತಿಯ ಆದೇಶವಾಗಿ ಪಡೆಯುವಂತೆ ಹೇಳಬಹುದು. ಬಾಕಿ ಬಿದ್ದ ದಿನ ತಾಯಿಯು ವಾರಂಟಿಗೆ ಅರ್ಜಿ ಹಾಕಲು ಹಿರಿಯರ ಸಹಿಗಿಂತ ಆ ನ್ಯಾಯಾಲಯದ ಮುದ್ರೆಯೇ ಅವಳಿಗೆ ಬೇಕಾಗುತ್ತದೆ.