ಎತ್ತಿನಗಾಡಿಯ ಹಾದಿಯಲ್ಲಿ ಸಂವಾದ



ಕಾರ್ಕಳದಲ್ಲಿ 1920ರಲ್ಲಿ ಹುಟ್ಟಿದ ಸ್ಟ್ಯಾನ್ಲಿ ಜೆ. ಸಮರ್ಥರು ಬಾಸೆಲ್ ಮಿಷನ್ನಿನ ಪರಂಪರೆಯಲ್ಲಿ ಬೆಳೆದ ಪ್ರೊಟೆಸ್ಟೆಂಟ್ ಪಾದ್ರಿ ಹಾಗೂ ವಿದ್ವಾಂಸ. ಮಂಗಳೂರಿನ ಕರ್ನಾಟಕ ಥಿಯಲಾಜಿಕಲ್ ಕಾಲೇಜಿನ ಪ್ರಾಂಶುಪಾಲರಾಗಿದ್ದ ಅವರು, 1971ರಿಂದ ಸುಮಾರು ಒಂದು ದಶಕ ಜಿನೀವಾದ ಜಾಗತಿಕ ಸಭೆಗಳ ಒಕ್ಕೂಟದಲ್ಲಿ ಅನ್ಯಧರ್ಮೀಯರೊಡನೆ ಸಂವಾದ ನಡೆಸುವ ವಿಭಾಗವನ್ನು ಕಟ್ಟಿ ಮುನ್ನಡೆಸಿದರು. 2001ರಲ್ಲಿ ಬೆಂಗಳೂರಿನಲ್ಲಿ ತೀರಿಕೊಂಡರು. ಪುತ್ತೂರು, ಸುಳ್ಯ, ಕಡಬದ ನಮ್ಮ ಕಥೋಲಿಕ ಕುಟುಂಬಗಳಲ್ಲಿ ಅವರ ಹೆಸರು ಕೇಳಿಬರುವುದು ಅಪರೂಪ. ನಮ್ಮದೇ ತುಳುನಾಡಿನ ಮಣ್ಣಿನ ಈ ಮನುಷ್ಯನನ್ನು ಓದಲು ನಮಗೆ ಕಾರಣಗಳಿವೆ.

1991ರ 'ಒನ್ ಕ್ರೈಸ್ಟ್, ಮೆನಿ ರಿಲಿಜನ್ಸ್' ಕೃತಿಯಲ್ಲಿ ಅವರು ಎರಡು ಬಗೆಯ ಕ್ರಿಸ್ತಶಾಸ್ತ್ರವನ್ನು ಹೇಳುತ್ತಾರೆ. ಒಂದು ಹೆಲಿಕಾಪ್ಟರಿನದು. ಮೇಲಿನಿಂದ ಇಳಿಯುವ ಅದರ ಸದ್ದಿಗೆ, ಏಳುವ ಧೂಳಿಗೆ, ಕೆಳಗಿದ್ದವರಿಗೆ ಇಳಿದು ಬರುವವನ ಮಾತೂ ಕೇಳಿಸದು, ಮುಖವೂ ಕಾಣಿಸದು. ಇನ್ನೊಂದು ಎತ್ತಿನಗಾಡಿಯದು. ಅದರ ಚಕ್ರ ಸದಾ ನೆಲಕ್ಕೆ ತಾಗಿರುತ್ತದೆ. ನೆಲದೊಡನೆ ಉಜ್ಜದೆ ಅದು ಮುಂದೆ ಸಾಗಲಾರದು. ಹಳ್ಳಿಯ ಹಾದಿ ಕಂಡವನಿಗಷ್ಟೇ ಹೊಳೆಯಬಹುದಾದ ಉಪಮೆಯಿದು. ಗ್ರಂಥದ ಅನೇಕ ಪುಟಗಳ ತರ್ಕಕ್ಕಿಂತ ಈ ಒಂದು ಚಿತ್ರ ಹೆಚ್ಚು ತೂಕದ್ದೆಂದು ನನಗನ್ನಿಸುತ್ತದೆ.

ಈ ನಿಲುವಿಗಾಗಿ ಅವರು ಟೀಕೆಯನ್ನೂ ಎದುರಿಸಿದರು. 1970ರಲ್ಲಿ ಲೆಬನಾನಿನ ಅಜಲ್ತೂನಿನಲ್ಲಿ ಹಿಂದೂ, ಬೌದ್ಧ, ಮುಸಲ್ಮಾನ, ಕ್ರೈಸ್ತರನ್ನು ಒಂದೆಡೆ ಕೂರಿಸಿದ್ದರು. 1975ರ ನೈರೋಬಿ ಮಹಾಸಭೆಯಲ್ಲಿ ಸಂವಾದವೆಂದರೆ ಧರ್ಮಗಳ ಕಲಬೆರಕೆಯೆಂಬ ಆಕ್ಷೇಪ ಬಲವಾಗಿ ಎದ್ದಿತು. ಸಮರ್ಥರು ಹಿಂಜರಿಯಲಿಲ್ಲ. 1977ರಲ್ಲಿ ಚಿಯಾಂಗ್ ಮಾಯ್‌ನಲ್ಲಿ ನಡೆದ ಸಮಾಲೋಚನೆಯ ವಿಷಯವೇ 'ಸಮುದಾಯದೊಳಗಿನ ಸಂವಾದ'. ಸಿದ್ಧಾಂತ ಸಿದ್ಧಾಂತದೊಡನೆ ಮಾತಾಡುವುದಿಲ್ಲ, ನೆರೆಯವನು ನೆರೆಯವನೊಡನೆ ಮಾತಾಡುತ್ತಾನೆ ಎಂಬ ತಿಳಿವಳಿಕೆ ಅಲ್ಲಿಂದ ಗಟ್ಟಿಯಾಯಿತು.

ಒಬ್ಬ ಕಥೋಲಿಕ ಗುರುವಾಗಿ ನಾನು ಅವರೊಡನೆ ಎಲ್ಲೆಡೆಯೂ ಒಪ್ಪಲಾರೆ. ಕ್ರಿಸ್ತನು ಕ್ರೈಸ್ತರಿಗೆ ಪ್ರಮಾಣ, ಆದರೆ ದೈವರಹಸ್ಯವು ಎಲ್ಲ ಧರ್ಮಗಳಿಗಿಂತಲೂ ದೊಡ್ಡದು ಎಂಬ ಅವರ ದೇವಕೇಂದ್ರಿತ ವಾದವು, ಪ್ರಭು ಯೇಸುವೇ ಸರ್ವರ ಏಕೈಕ ರಕ್ಷಕನೆಂಬ ನಮ್ಮ ವಿಶ್ವಾಸವನ್ನು ಸಡಿಲಗೊಳಿಸುತ್ತದೆ. 2000ದ 'ಡೊಮಿನುಸ್ ಯೇಸುಸ್' ಪ್ರಕಟಣೆ ಇಂಥ ವಾದಗಳಿಗೇ ಉತ್ತರಿಸಿತು. ಆದರೆ 1965ರ 'ನೋಸ್ತ್ರಾ ಎತಾತೆ'ಯನ್ನು ಕೊಟ್ಟದ್ದೂ ಇದೇ ಧರ್ಮಸಭೆ. 1991ರ 'ಸಂವಾದ ಮತ್ತು ಸಾರುವಿಕೆ' ದಾಖಲೆ ಸಂವಾದದ ರೂಪಗಳನ್ನು ಎಣಿಸುವಾಗ ಮೊದಲು ಇಟ್ಟದ್ದು ನೆರೆಹೊರೆಯ ಜೀವನ ಸಂವಾದವನ್ನು. ಅಲ್ಲಿ ಗಾಡಿಯ ಚಕ್ರ ಮತ್ತೆ ನೆಲ ಮುಟ್ಟುತ್ತದೆ.

ನನ್ನ ಇನ್ನೊಂದು ತಕರಾರು ಇದಕ್ಕಿಂತ ದೊಡ್ಡದು. 1974ರ 'ದಿ ಹಿಂದೂ ರೆಸ್ಪಾನ್ಸ್ ಟು ದಿ ಅನ್‌ಬೌಂಡ್ ಕ್ರೈಸ್ಟ್' ಗ್ರಂಥದಲ್ಲಿ ಬರುವ ಹಿಂದೂಗಳು ಯಾರು? ರಾಮಮೋಹನ ರಾಯ್, ಗಾಂಧೀಜಿ, ರಾಧಾಕೃಷ್ಣನ್ ಮುಂತಾದವರು. ಸುಳ್ಯದ ನೆರೆಮನೆಯವನು ನಾಗನಿಗೆ ತಂಬಿಲ ಇಡುತ್ತಾನೆ, ದೈವದ ಕೋಲಕ್ಕೆ ಹರಕೆ ಹೊರುತ್ತಾನೆ. ಆ ಕೋಲದ ಅಂಗಳದಲ್ಲಿ ಯಾರು ಎಲ್ಲಿ ನಿಲ್ಲಬೇಕೆಂಬುದನ್ನು ಜಾತಿ ನಿರ್ಧರಿಸುತ್ತಾ ಬಂದಿದೆ. ತುಳುನಾಡಿನವರೇ ಆದ ಸಮರ್ಥರ ಈ ಗ್ರಂಥದಲ್ಲಿ ಆ ಅಂಗಳವಿಲ್ಲ. ಓದುಬರಹ ಬಲ್ಲ ಮೇಲ್ಜಾತಿಯವನೊಡನೆ ಮಾತ್ರ ನಡೆಯುವ ಸಂವಾದವು, ಅಂಗಳದಾಚೆ ನಿಂತವನ ಮಾನವ ಹಕ್ಕಿನ ಪ್ರಶ್ನೆಯನ್ನು ಕೇಳುವುದೇ ಇಲ್ಲ.

2022ರ ಜುಲೈಯಲ್ಲಿ ಹತ್ತೇ ದಿನಗಳೊಳಗೆ ಸುಳ್ಯ ತಾಲೂಕಿನ ಬೆಳ್ಳಾರೆ ಪರಿಸರದಲ್ಲಿ ಇಬ್ಬರು ಯುವಕರು, ಬಳಿಕ ಸುರತ್ಕಲ್‌ನಲ್ಲಿ ಇನ್ನೊಬ್ಬರು ಹತ್ಯೆಯಾದರು. ಅದರಲ್ಲಿ ಹಿಂದೂ ತಾಯಿಯೂ ಅತ್ತಳು, ಮುಸಲ್ಮಾನ ತಾಯಂದಿರೂ ಅತ್ತರು. ಕೊಲೆಯ ನಂತರ ಕರೆಯುವ ಶಾಂತಿಸಭೆಗಳು ಹೆಲಿಕಾಪ್ಟರಿನಂತೆಯೇ ಇಳಿದು ಏರಿಹೋಗುತ್ತವೆ (ವೇದಿಕೆಯಲ್ಲಿ ನಮ್ಮಂಥ ಗುರುಗಳಿಗೂ ಒಂದು ಕುರ್ಚಿ ಇರುತ್ತದೆ). ಮುಂಜಾನೆ ಹಾಲಿನ ಸೊಸೈಟಿಯ ಸಾಲಿನಲ್ಲಿ ಮೂರೂ ಧರ್ಮದವರು ಕ್ಯಾನು ಹಿಡಿದು ನಿಲ್ಲುತ್ತಾರೆ. ಅಡಕೆ ಧಾರಣೆಯ ಮಾತು ಅಲ್ಲಿ ಎಲ್ಲರದೂ ಹೌದು. ಆ ಸಾಲಿನಲ್ಲಿ ನಿಂತವರು, ತಮ್ಮ ಮಕ್ಕಳ ಮೊಬೈಲಿಗೆ ಬರುತ್ತಿರುವ ದ್ವೇಷದ ಸಂದೇಶಗಳ ಬಗ್ಗೆ ಒಬ್ಬರಿಗೊಬ್ಬರು ಬಾಯಿಬಿಟ್ಟಿದ್ದಾರೆಯೇ? ಸಮರ್ಥರ 1981ರ ಗ್ರಂಥದ ಹೆಸರು 'ಕರೇಜ್ ಫಾರ್ ಡಯಲಾಗ್', ಅಂದರೆ ಸಂವಾದಕ್ಕೆ ಬೇಕಾದ ಧೈರ್ಯ. ಆ ಧೈರ್ಯ ಬೇಕಾಗುವುದು ಅಲ್ಲಿ.

ಈ ಕೃತಿಗಳನ್ನೆಲ್ಲ ಅವರು ಬರೆದದ್ದು ಇಂಗ್ಲಿಷಿನಲ್ಲಿ. ಕಾಲೇಜಿನಲ್ಲಿ ಓದುವ ಮಕ್ಕಳಿರುವ ಮನೆಯವರು 1996ರ ಅವರ ಆತ್ಮಕಥನ 'ಬಿಟ್ವೀನ್ ಟು ಕಲ್ಚರ್ಸ್'ನಿಂದ ಆರಂಭಿಸಲಿ. ದೇವಶಾಸ್ತ್ರದ ಗ್ರಂಥಗಳನ್ನು ಅನಂತರ ತೆರೆಯಬಹುದು.