ಕುಂಬಾರನ ಜೇಡಿ, ಉಳುವ ನೆಲ: ಆದಿಕಾಂಡದಲ್ಲಿ ಮಾನವಸೃಷ್ಟಿಯ ಪ್ರತೀಕ

ಬೆಂಗಳೂರು ದಂಡುಪ್ರದೇಶದ ಬೆನ್ಸನ್ ಟೌನಿನಲ್ಲಿ, ಮಿಲ್ಲರ್ಸ್ ರಸ್ತೆಯಲ್ಲಿ, 1910ರಲ್ಲಿ ಆರಂಭವಾದ ಯುನೈಟೆಡ್ ಥಿಯಲಾಜಿಕಲ್ ಕಾಲೇಜು ಇದೆ. ಹೀಬ್ರೂ ಧರ್ಮಗ್ರಂಥದ ಅಧ್ಯಯನ ಅಲ್ಲಿನ ಪಾಠಕ್ರಮದ ಭಾಗ. ನೆರೆಯ ಪಾಟರಿ ಟೌನಿನಲ್ಲಿ ಕುಂಬಾರ ಕುಟುಂಬಗಳು ಮಡಕೆ, ಹಣತೆ, ಗಣೇಶನ ಮೂರ್ತಿಗಳನ್ನು ಮಾಡುತ್ತ ಬಂದಿವೆ. ದೇವರು ಮಣ್ಣಿನಿಂದ ಮನುಷ್ಯನನ್ನು ಮಾಡಿದ ಕಥನವನ್ನು ಓದುವವರೂ ಮಣ್ಣಿನಿಂದ ದೇವರನ್ನು ಮಾಡುವವರೂ ಹೀಗೆ ನೆರೆಹೊರೆಯವರು. ಇದು ಕಾಕತಾಳೀಯವೇ ಇರಬಹುದು. ಆದರೂ ಆ ಕಥನದ ಪ್ರತೀಕವನ್ನು ಕಸುಬಿನ ತಿಳಿವಿನಿಂದ ಪರಿಶೀಲಿಸಲು ಒಳ್ಳೆಯ ನೆಪ.

ಆದಿಕಾಂಡದ ಎರಡನೆಯ ಅಧ್ಯಾಯದ ಏಳನೆಯ ವಚನದಲ್ಲಿ ದೇವರ ಕ್ರಿಯೆಯನ್ನು ಸೂಚಿಸುವ ಧಾತು ‘ಯಾತ್ಸರ್’. ಕುಂಬಾರನೆಂಬ ಅರ್ಥದ ‘ಯೋತ್ಸೇರ್’ ಹುಟ್ಟಿದ್ದು ಇದರಿಂದಲೇ. ಈ ಒಂದು ಪದವನ್ನು ಹಿಡಿದು ಸೃಷ್ಟಿಕರ್ತನನ್ನು ಕುಂಬಾರನಾಗಿ, ಮನುಷ್ಯನನ್ನು ಮಡಕೆಯಾಗಿ ಕಾಣುವುದು ವಾಡಿಕೆ. ಮಡಕೆಯು ಮಾಡಿದವನನ್ನು ಪ್ರಶ್ನಿಸಬಾರದೆಂಬ ವಿಧೇಯತೆಯ ಬೋಧೆಗೂ ಈ ಓದು ಒದಗಿಬರುತ್ತದೆ. ನನ್ನ ಆಕ್ಷೇಪ ಇಲ್ಲಿದೆ: ವಚನದಲ್ಲಿ ಕ್ರಿಯೆ ಕುಂಬಾರನದು, ದ್ರವ್ಯ ಕುಂಬಾರನದಲ್ಲ. ಅಲ್ಲಿರುವುದು ‘ಅಫಾರ್’, ಅಂದರೆ ಹುಡಿಮಣ್ಣು, ಧೂಳು. ಅದೂ ‘ಅದಾಮಾ’ ಎಂಬ ಸಾಗುವಳಿಯ ನೆಲದಿಂದ ತೆಗೆದದ್ದು. ಜೇಡಿಮಣ್ಣಿಗೆ ‘ಹೋಮೆರ್’ ಎಂಬ ಬೇರೆ ಪದವಿದೆ. ಯೆರೆಮೀಯನ ಗ್ರಂಥದ 18ನೆಯ ಅಧ್ಯಾಯದಲ್ಲಿ, ತಿಗರಿಯ ಬಳಿಯ ಕುಂಬಾರನ ಚಿತ್ರದಲ್ಲಿ, ಅದು ಬರುತ್ತದೆ. ಹೊಲದ ಹುಡಿಮಣ್ಣು ತಿಗರಿಯ ಮೇಲೆ ನಿಲ್ಲದೆಂಬುದನ್ನು ಯಾವ ಕುಂಬಾರನೂ ಹೇಳಿಯಾನು. ಅವನಿಗೆ ಬೇಕಾದುದು ಕೆರೆಯಂಗಳದ ಜಿಗುಟು ಜೇಡಿ. ಹಿಂದಿನ ವಚನದಲ್ಲಿ ನೆಲವನ್ನು ತೋಯಿಸುವ ನೀರುಂಟು, ನಿಜ. ಆದರೆ ತುಳಿದು ಹದಗೊಳಿಸುವ ಕೆಲಸವಿಲ್ಲ, ತಿಗರಿಯಿಲ್ಲ, ಆವಿಗೆಯಿಲ್ಲ. ಬೆಂಕಿ ಕಾಣದ ಮಡಕೆ ಮಡಕೆಯಲ್ಲ.

ಬೆಂಕಿ ಕಾಣದ ಮೂರ್ತಿಯೊಡನೆ ಹೋಲಿಕೆ ಹೆಚ್ಚು ಹತ್ತಿರದ್ದು. ಗೌರಿ-ಗಣೇಶ ಹಬ್ಬದ ಹಸಿಮಣ್ಣಿನ ಗಣಪ ಪ್ರಾಣಪ್ರತಿಷ್ಠೆಯವರೆಗೆ ಬರಿಯ ಮಣ್ಣು. ವಿಸರ್ಜನೆಯ ಬಳಿಕ ಮತ್ತೆ ಮಣ್ಣು. ಆದರೆ ನಮ್ಮಲ್ಲಿ ರೂಪ ಕೊಡುವ ಕೈ ಒಂದು, ಪ್ರಾಣ ಆವಾಹಿಸುವ ಬಾಯಿ ಇನ್ನೊಂದು. ಎರಡರ ನಡುವೆ ಜಾತಿಯ ಅಂತರವೂ ಇರುತ್ತದೆ. ಹೀಬ್ರೂ ಕಥನದಲ್ಲಿ ಮಣ್ಣನ್ನು ರೂಪಿಸಿದವನೇ ಮೂಗಿನಲ್ಲಿ ಉಸಿರೂದುತ್ತಾನೆ. ಮಣ್ಣು ಮುಟ್ಟುವ ಕೆಲಸ ಅಲ್ಲಿ ದೇವರಿಗೇ ಸೇರಿದ್ದು. ಈ ಅಂಶಕ್ಕೆ ನಮ್ಮ ತೌಲನಿಕ ಅಧ್ಯಯನಗಳು ಇನ್ನಷ್ಟು ಗಮನ ಕೊಡಬೇಕಿತ್ತು.

ಇನ್ನು ‘ಅದಾಮಾ’. ‘ಆದಾಮ್’ ಎಂದರೆ ಮನುಷ್ಯ, ಹೆಸರಿನಲ್ಲೇ ನೆಲವಿದೆ. ಕೆಂಪು ಎಂಬ ಅರ್ಥದ ‘ಆದೋಮ್’ ಕೂಡ ಇವುಗಳ ಪಕ್ಕದಲ್ಲೇ ಕೇಳಿಸುತ್ತದೆ. ಮನುಷ್ಯನಿನ್ನೂ ಹುಟ್ಟದಿದ್ದಾಗಿನ ಕೊರತೆಯೆಂದು ಕಥನ ಹೇಳುವುದು ನೆಲವನ್ನು ಉಳುವವರಿರಲಿಲ್ಲ ಎಂದು. ತೋಟದಿಂದ ಹೊರಬಿದ್ದವನ ಪಾಡು, ತನ್ನನ್ನು ತೆಗೆದ ನೆಲವನ್ನೇ ಉಳುವುದು. ಉಳು ಎಂಬರ್ಥದ ‘ಆವದ್’ ಧಾತುವಿಗೆ ಸೇವಿಸು ಎಂಬರ್ಥವೂ ಉಂಟು. ಮೆಸೊಪೊಟೇಮಿಯದ ಅತ್ರಹಾಸಿಸ್ ಕಾವ್ಯದಲ್ಲಿ ಜೇಡಿಗೆ ಹತನಾದ ದೇವತೆಯ ರಕ್ತ ಮಾಂಸ ಬೆರೆಸಿ ಮನುಷ್ಯನನ್ನು ಮಾಡಿದ್ದು ದೇವತೆಗಳ ದುಡಿಮೆಯನ್ನು ಹೊರಿಸಲು; ಇಲ್ಲಿ ದುಡಿಮೆ ಸಲ್ಲುವುದು ನೆಲಕ್ಕೆ. ಕಾಯಿನನು ತಮ್ಮನನ್ನು ಕೊಂದಾಗ ಬಾಯ್ದೆರೆದು ರಕ್ತ ಕುಡಿಯುವುದೂ ಕೊಂದವನಿಗೆ ಫಲ ನಿರಾಕರಿಸುವುದೂ ಇದೇ ಅದಾಮಾ. ಭೂಮಿ ಹುಣ್ಣಿಮೆಯಂದು ಬಸುರಿಯ ಬಯಕೆ ತೀರಿಸುವಂತೆ ಹೊಲಕ್ಕೆ ಎಡೆಯಿಡುವ ನಮ್ಮ ಒಕ್ಕಲು ಮಕ್ಕಳಿಗೆ ಈ ಭಾಗವನ್ನು ವಿವರಿಸಬೇಕಾಗಿಯೇ ಇಲ್ಲ. ಹೀಬ್ರೂ ಕಥನ ನೆಲವನ್ನು ದೇವಿಯೆನ್ನುವುದಿಲ್ಲ, ಬಾಯಿಯನ್ನಂತೂ ಕೊಟ್ಟಿದೆ.

ಬಳ್ಳಾರಿಯ ಲಂಡನ್ ಮಿಷನ್ನಿನ ಜಾನ್ ಹ್ಯಾಂಡ್ಸ್ ಮತ್ತು ಸಂಗಡಿಗರ ಶ್ರಮದಿಂದ ಇಡೀ ಬೈಬಲ್ 1831ರ ವೇಳೆಗೆ ಕನ್ನಡಕ್ಕೆ ಬಂದಿತು. ಆದಾಮ್-ಅದಾಮಾ ಶಬ್ದಸಂಬಂಧವನ್ನು ಯಾವ ಕನ್ನಡ ಅನುವಾದವೂ ಉಳಿಸಿಕೊಳ್ಳಲಾರದು. ಮನುವಿನಿಂದ ಬಂದ ‘ಮನುಷ್ಯ’ನಲ್ಲಿ ನೆಲದ ನೆನಪಿಲ್ಲ. ಆದರೆ ‘ಮಣ್ಣು’ ಬಡಪದವಲ್ಲ. ರೈತನನ್ನು ಮಣ್ಣಿನ ಮಗನೆನ್ನುತ್ತೇವೆ. ಸತ್ತವರನ್ನು ಮಣ್ಣು ಮಾಡುತ್ತೇವೆ, ಅವರ ಮಣ್ಣಿಗೆ ಹೋಗಿಬರುತ್ತೇವೆ, ಕುಣಿಗೆ ಹಿಡಿಮಣ್ಣು ಹಾಕುತ್ತೇವೆ. ಅಫಾರ್ ಮತ್ತು ಅದಾಮಾ ಎಂದು ಹೀಬ್ರೂ ಬೇರ್ಪಡಿಸಿದ್ದು ಇಲ್ಲಿ ಒಂದೇ ಪದದಲ್ಲಿ ಕೂಡಿಕೊಂಡಿದೆ. ಕೂಡಿಕೊಂಡದ್ದರ ನಷ್ಟವೂ ಉಂಟು: ಶವಸಂಸ್ಕಾರದ ಹೊತ್ತಿನಲ್ಲಿ ಈ ವಾಕ್ಯಗಳನ್ನು ಕೇಳುವ ಕನ್ನಡದ ಕಿವಿಗೆ ಕುಣಿಯ ಮಣ್ಣು ಬೇಗ ಕೇಳಿಸುತ್ತದೆ, ಹೊಲದ ಮಣ್ಣು ತಡವಾಗಿ.